ರಫ್ತು ಸಬ್ಸಿಡಿಯೂ ನಮ್ಮ ಹಾಲಿನ ಪ್ರೋತ್ಸಾಹ ಧನವೂ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ರಫ್ತಿನ ಸಬ್ಸಿಡಿ ಬಗ್ಗೆ ಎರಡು ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ನಮ್ಮದು ಎಸ್ಸೆಸ್ಸೆಲ್ಸಿ ಓದು. ಆದರೂ ಚಿಕ್ಕಬಾಣಾವರದವರಿಗೆ ಇದು ದೂರದ ಮಾತಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಮನೆಯಿಂದಲೇ ಹೆಣ್ಣುಮಕ್ಕಳು ಪೀಣ್ಯದ ಗಾರ್ಮೆಂಟ್ಸಿಗೆ ಹೋಗ್ತಾರೆ. ಅಲ್ಲಿ ಹೊಲಿದ ಅಂಗಿ ಹಡಗು ಹತ್ತುತ್ತದೆ.

ಹೊರದೇಶಕ್ಕೆ ಮಾಲು ಕಳಿಸುವವರಿಗೆ ಸರ್ಕಾರ ಕೈಹಿಡಿಯುವುದು ಹಳೇ ಪದ್ಧತಿ. 1966ರಿಂದ 1991ರವರೆಗೆ ನಗದು ನೆರವು ಇತ್ತು. 2015ರಲ್ಲಿ ಎಂ.ಇ.ಐ.ಎಸ್. ಎಂಬ ಯೋಜನೆ ಬಂತು, ಕಳಿಸಿದ ಮಾಲಿನ ಬೆಲೆ ಮೇಲೆ ಶೇಕಡಾ ಇಷ್ಟು ಅಂತ. 2018ರಲ್ಲಿ ಹಾಲಿನ ಪುಡಿಗೂ ಸಿಕ್ಕಿತು, ಮೊದಲು ಶೇ. 10, ಆಮೇಲೆ ಶೇ. 20. ಪುಡಿ ರಾಶಿ ಬಿದ್ದಿದ್ದ ಹೊತ್ತಿಗೆ ಅದು ಉಪಕಾರವೇ. ಆದರೆ ಅದರಿಂದ ಯಾವ ಹಸುವೂ ಒಂದು ಲೋಟ ಹೆಚ್ಚು ಕರೆಯಲಿಲ್ಲ.

ನಮ್ಮ ತಪ್ಪನ್ನೇ ಹೇಳಿಬಿಡ್ತೀವಿ. ರಾಜ್ಯದ ಪ್ರೋತ್ಸಾಹ ಧನ 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4, 2016ರಲ್ಲಿ 5 ಆಯಿತು. ಆಸೆಗೆ ಬಿದ್ದು ಎರಡು ಹಸುವನ್ನು ನಾಲ್ಕು ಮಾಡಿದೆವು. ಮೇವು ಇದ್ದದ್ದು ಎರಡಕ್ಕೆ! ಸುತ್ತಲ ಹೊಲವೆಲ್ಲ ಸೈಟಾಗಿತ್ತು, ಹಿಂಡಿ ಬೂಸಾ ಸಾಲ. ಡೈರಿಗೆ ಹಾಕಿದ ಹಾಲು ಜಾಸ್ತಿಯಾಯಿತು, ಒಂದೊಂದು ಹಸುವಿನ ಕರಾವು ಕಮ್ಮಿಯಾಯಿತು. ಪ್ರೋತ್ಸಾಹದ ದುಡ್ಡು ತಡವಾದಾಗ ಒಂದು ಹಸು ಮಾರಿದೆವು.

ಕಾರ್ಖಾನೆಯಲ್ಲೂ ಇದೇ ಲೆಕ್ಕ. ಕಳಿಸಿದ್ದಕ್ಕೆಲ್ಲ ದುಡ್ಡು ಬಂದರೆ ಹಳೇ ಮೆಷಿನ್ನಿನವನೂ ಹೇಗೋ ನಡೆಸ್ತಾನೆ, ಸುಧಾರಿಸುವ ಆತುರ ಇರೋದಿಲ್ಲ. ಹೊರದೇಶದ ಗಿರಾಕಿಯೂ ಜಾಣ, ನಿಮಗೆ ಸಬ್ಸಿಡಿ ಉಂಟಲ್ಲ ಅಂತ ದರ ಇಳಿಸ್ತಾನೆ. ಒಳ್ಳೇದೂ ಇದೆ ಅನ್ನಿ. ಹೊಲಿಗೆ ಸೊಟ್ಟಗಿದ್ದರೆ ಹೊರದೇಶದವನು ಮಾಲು ತಗೊಳ್ಳೋಲ್ಲ, ಹಾಗಾಗಿ ಕೆಲಸ ಕಲಿಯಲೇಬೇಕು. ಇ.ಪಿ.ಸಿ.ಜಿ. ಅಂತ ಇನ್ನೊಂದು ಯೋಜನೆ ಇದೆ. ಅದರಲ್ಲಿ ಸುಂಕವಿಲ್ಲದೆ ಹೊರಗಿನ ಮೆಷಿನ್ನು ತರಿಸಬಹುದು, ಉಳಿದ ಸುಂಕದ ಆರು ಪಟ್ಟು ಮಾಲನ್ನು ಆರು ವರ್ಷದಲ್ಲಿ ರಫ್ತು ಮಾಡಬೇಕು. ನಮಗೆ ಈ ರೀತಿಯೇ ವಾಸಿ ಅನ್ನಿಸುತ್ತೆ.

ಅಮೆರಿಕದವರು 2018ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2019ರಲ್ಲಿ ತೀರ್ಪು ನಮ್ಮ ದೇಶಕ್ಕೆ ವಿರುದ್ಧವಾಯಿತು, ಭಾರತ ಮೇಲ್ಮನವಿ ಹಾಕಿತು. ಎಂ.ಇ.ಐ.ಎಸ್. ಮಾತ್ರ 2020ರ ಡಿಸೆಂಬರಿಗೆ ನಿಂತಿತು. ಆ ದುಡ್ಡನ್ನು ಮೆಷಿನ್ನಿಗೆ ಹಾಕಿದವರ ಹತ್ತಿರ ಮೆಷಿನ್ನಾದರೂ ಉಳಿಯಿತು.

ಪಕ್ಕದ ಹೆಸರಘಟ್ಟವನ್ನೇ ನೋಡಿ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ವೀರ್ಯ ಘನೀಕರಣ ಕೇಂದ್ರ ಶುರುವಾಯಿತು. ಡೆನ್ಮಾರ್ಕಿನವರು ಹೋದರು, ತಳಿ ಕೊಟ್ಟಿಗೆಯಲ್ಲಿ ಉಳಿಯಿತು.

ಈ ವರ್ಷದ ಲಾಭವನ್ನು ಪೂರಾ ಬೋನಸ್ ಹಂಚಿ ಅಂತ ಕೆಲವರು ಕೇಳ್ತಿದ್ದಾರೆ. ನಮ್ಮ ಬೇಡಿಕೆ ಏನೆಂದರೆ, ಒಂದು ಪಾಲು ಮೇವು ಕತ್ತರಿಸುವ ಯಂತ್ರಕ್ಕೂ ಮೇವಿನ ಬೀಜಕ್ಕೂ ಇಡೋಣ. ಸಾಮಾನ್ಯ ಸಭೆಗೆ ಎಲ್ಲರೂ ಬನ್ನಿ, ನಮ್ಮನ್ನು ಬೈಯುವವರೂ ಬನ್ನಿ.