ಕೃಪೆಯಿಂದ ಜಾರುವುದುಂಟೆ?

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಒಮ್ಮೆ ದೇವರ ಕೃಪೆಗೆ ಪಾತ್ರನಾದವನು ಅದನ್ನು ಮತ್ತೆ ಕಳೆದುಕೊಳ್ಳುವುದು ಸಾಧ್ಯವೆ? ಪ್ರಾಟೆಸ್ಟಂಟ್ ಕ್ರೈಸ್ತರನ್ನು ನಾಲ್ಕು ಶತಮಾನಗಳಿಂದ ಕಾಡುತ್ತಿರುವ ಪ್ರಶ್ನೆಯಿದು. ಶ್ರೀವೈಷ್ಣವರ ಮಾರ್ಜಾಲ-ಮರ್ಕಟ ನ್ಯಾಯಗಳನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿ ಒಯ್ಯುತ್ತದೆ. ಕೋತಿಯ ಮರಿಯಾದರೋ ತಾಯಿಯನ್ನು ಅಪ್ಪಿ ಹಿಡಿಯಬೇಕು. ಎರಡು ಚರ್ಚೆಗಳೂ ಒಂದೇ ಎನ್ನಲಾಗದು. ಆದರೆ ಹಿಡಿತ ಯಾರದು ಎಂಬ ಕಳವಳ ಎರಡರಲ್ಲಿಯೂ ಇದೆ.

ಬೈಬಲಿನಲ್ಲಿ ಎರಡು ಪಕ್ಷಗಳಿಗೂ ಆಧಾರವುಂಟು. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿಯಲಾರರೆಂದು ಯೇಸು ನುಡಿದುದು ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಬೆಳಕನ್ನು ಕಂಡೂ ಬಿದ್ದುಹೋದವರ ಕುರಿತ ಕಠೋರ ಎಚ್ಚರಿಕೆ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿದೆ. ರಕ್ಷಣೆ ನನ್ನ ಹಿಡಿತವನ್ನೇ ಅವಲಂಬಿಸಿದ್ದರೆ ನೆಮ್ಮದಿ ಎಲ್ಲಿಯದು ಎಂದು ಒಬ್ಬನ ಅಳಲು. ಬೀಳುವ ಭಯವೇ ಇಲ್ಲವಾದರೆ ಎಚ್ಚರಿಕೆಗೆ ಅರ್ಥವೇನು ಎಂದು ಇನ್ನೊಬ್ಬನ ಪ್ರಶ್ನೆ. ಎರಡೂ ಪ್ರಾಮಾಣಿಕವಾದವುಗಳೇ.

ಈ ಪ್ರಶ್ನೆ ರಾಜಕಾರಣವಾಗಿ ಮಾರ್ಪಟ್ಟುದು ಹಾಲೆಂಡಿನಲ್ಲಿ. ಲೇಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆರ್ಮಿನಿಯಸ್ 1609ರಲ್ಲಿ ತೀರಿಕೊಂಡ ಮರುವರ್ಷ, ಅವನ ವಿಚಾರಗಳನ್ನು ಒಪ್ಪಿದ ನಲವತ್ತಕ್ಕೂ ಹೆಚ್ಚು ಬೋಧಕರು ಐದು ಅಂಶಗಳ ಮನವಿಯೊಂದನ್ನು ಸಿದ್ಧಪಡಿಸಿದರು. ಭಕ್ತನು ಕೃಪೆಯಿಂದ ಜಾರಬಲ್ಲನೆ ಎಂಬ ಐದನೆಯ ಅಂಶದ ಬಗೆಗೆ ಅವರು ತೀರ್ಪು ನೀಡಲಿಲ್ಲ. ಶಾಸ್ತ್ರವನ್ನು ಇನ್ನೂ ಪರಿಶೀಲಿಸಬೇಕೆಂದಷ್ಟೇ ಹೇಳಿದರು. ಎಂತಹ ವಿನಯದ ಮಾತು! ಆದರೆ ಆ ವಿನಯಕ್ಕೆ ಕಾಲಾವಕಾಶ ದೊರೆಯಲಿಲ್ಲ.

1614ರಲ್ಲಿ ಹಾಲೆಂಡ್ ಪ್ರಾಂತದ ಆಡಳಿತವು ಈ ವಿವಾದಕ್ಕೆ ಆಜ್ಞೆಯ ಮೂಲಕ ಕಡಿವಾಣ ಹಾಕಲೆತ್ನಿಸಿತು. ಆಡಳಿತದ ಮುಖ್ಯಸ್ಥ ಓಲ್ಡನ್‌ಬಾರ್ನೆವೆಲ್ಟ್ ಮನವಿದಾರರ ಬೆಂಬಲಿಗ. ಸೇನಾನಾಯಕ ರಾಜಕುಮಾರ ಮೌರಿಟ್ಸ್ ಎದುರು ಪಕ್ಷಕ್ಕೆ ಸೇರಿದ. ಸ್ಪೇನಿನೊಡನೆ ಮಾಡಿಕೊಂಡ ಕದನವಿರಾಮದ ಕುರಿತ ಹಳೆಯ ವೈಮನಸ್ಯವೂ ಇದರೊಡನೆ ಬೆರೆಯಿತು. 1618ರ ನವೆಂಬರಿನಲ್ಲಿ ಡಾರ್ಟ್ ನಗರದಲ್ಲಿ ಮಹಾಸಭೆ ಸೇರಿತು. ಮನವಿದಾರರನ್ನು 1619ರ ಜನವರಿಯಲ್ಲಿ ಸಭೆಯಿಂದ ಹೊರಹಾಕಲಾಯಿತು. ದಾವೀದ, ಪೇತ್ರರಂತೆ ಭಕ್ತನು ಘೋರವಾಗಿ ಎಡವಬಹುದು, ಆದರೆ ಅಂತಿಮವಾಗಿ ನಾಶವಾಗಲಾರ ಎಂಬುದು ಸಭೆಯ ನಿರ್ಣಯ. ಅದು ಚಿಂತನಾರ್ಹವಾದ ನಿರ್ಣಯವೇ ಸರಿ. ಆದರೆ ಅದೇ ಮೇ 13ರಂದು ಹೇಗ್ ನಗರದಲ್ಲಿ 71 ವರ್ಷದ ಓಲ್ಡನ್‌ಬಾರ್ನೆವೆಲ್ಟ್‌ನ ಶಿರಚ್ಛೇದವಾಯಿತು. ಆರೋಪ ರಾಜದ್ರೋಹದ್ದು. ಅವನ ಸಹವರ್ತಿ, ನ್ಯಾಯವೇತ್ತ ಗ್ರೋಷಿಯಸ್‌ಗೆ ಆಜೀವ ಸೆರೆ ವಿಧಿಸಲಾಯಿತು. ಅವನು 1621ರಲ್ಲಿ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಪಾರಾದ. ದೇವರ ಕೈಯಿಂದ ಯಾರೂ ಜಾರಲಾರರೆಂದು ಸಾರಿದವರ ನಾಡಿನಲ್ಲಿ, ಪ್ರಭುವಿನ ಕೃಪೆಯಿಂದ ಜಾರಿದವರಿಗೆ ಉಳಿಗಾಲವಿರಲಿಲ್ಲ.

ಇಂಗ್ಲೆಂಡಿನ ಕಥೆ ಬೇರೆ. ಕೃಪೆಯನ್ನು ಕಳೆದುಕೊಳ್ಳಬಹುದೆಂದ ಜಾನ್ ವೆಸ್ಲಿ, ಕಾಲ್ವಿನನ ಅನುಯಾಯಿ ಜಾರ್ಜ್ ವ್ಹಿಟ್‌ಫೀಲ್ಡ್ ಇಬ್ಬರೂ ಮೊದಲು ಮಿತ್ರರು. 1739ರಲ್ಲಿ ವೆಸ್ಲಿ ದೇವರ ಪೂರ್ವನಿರ್ಣಯದ ಸಿದ್ಧಾಂತವನ್ನು ಖಂಡಿಸಿ ಬೋಧಿಸಿದ. ಅದಕ್ಕೆ ವ್ಹಿಟ್‌ಫೀಲ್ಡನ ಉತ್ತರ 1741ರಲ್ಲಿ ಅಚ್ಚಾಯಿತು. ದಾರಿಗಳು ಕವಲೊಡೆದವು. ಆದರೂ 1770ರಲ್ಲಿ ವ್ಹಿಟ್‌ಫೀಲ್ಡ್ ಅಮೆರಿಕದಲ್ಲಿ ಮೃತನಾದಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರವಚನ ಮಾಡಿದವನು ವೆಸ್ಲಿಯೇ. ಆ ಬಳಿಕವೂ ಕರಪತ್ರಗಳ ಸಮರ ನಡೆಯಿತು, ನಿಜ. ಆದರೆ ಯಾರ ತಲೆಯೂ ಉರುಳಲಿಲ್ಲ.

ಈ ಎರಡು ಧಾರೆಗಳೂ ನಮ್ಮ ನಾಡಿಗೆ ಹರಿದು ಬಂದಿವೆ. ಮೈಸೂರು ಸೀಮೆಯಲ್ಲಿ ಶಾಲೆ, ಮುದ್ರಣಾಲಯಗಳನ್ನು ನಡೆಸಿದ ಮಿಷನ್ ವೆಸ್ಲಿಯ ಪರಂಪರೆಯದು. 1947ರ ಸೆಪ್ಟೆಂಬರ್ 27ರಂದು ಚೆನ್ನೈಯಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ, ಆ ಪರಂಪರೆಯ ಮೆಥಡಿಸ್ಟರೂ ಕಾಲ್ವಿನನ ಪರಂಪರೆಯ ಪ್ರೆಸ್ಬಿಟೇರಿಯನ್ನರೂ ಒಂದೇ ಸೂರಿನಡಿ ಬಂದರು. ಹಳೆಯ ಪ್ರಶ್ನೆಗೆ ಅಂತಿಮ ಉತ್ತರ ದೊರೆಯಿತೆಂದಲ್ಲ. ಉತ್ತರ ದೊರೆಯುವವರೆಗೆ ಬೇರೆಯಾಗಿರಬೇಕಿಲ್ಲವೆಂದು ಅವರಿಗೆ ತೋರಿತು.

ದಶಕಗಳಿಂದ ಸರ್ಕಾರದ ಕಡತಗಳ ನಡುವೆ ಬದುಕಿದ ನಾನು ಒಂದು ಮಾತನ್ನು ಹೇಳಬಲ್ಲೆ. ಪ್ರಭುತ್ವಕ್ಕೆ ಮೊಹರು ಒತ್ತಲು ಬರುತ್ತದೆ. ಮನುಷ್ಯನ ಅಂತರಂಗವನ್ನು ಓದಲು ಬರುವುದಿಲ್ಲ. ಯಾರು ಕೃಪೆಗೆ ಪಾತ್ರರು, ಯಾರು ಜಾರಿದವರು ಎಂಬುದನ್ನು ಅದರ ತೀರ್ಮಾನಕ್ಕೆ ಒಪ್ಪಿಸಿದ ದಿನ ಧರ್ಮಕ್ಕೂ ನ್ಯಾಯಕ್ಕೂ ಕೇಡು ತಪ್ಪದು. ಆ ಮನವಿಯ ಐದನೆಯ ಅಂಶದಲ್ಲಿದ್ದಂತೆ, ಇನ್ನೂ ಪರಿಶೀಲಿಸೋಣ ಎನ್ನುವ ಧೈರ್ಯ ಎಲ್ಲ ಮತಗಳವರಿಗೂ ಬರಲೆಂದು ಹಾರೈಸಿ ವಿರಮಿಸುತ್ತೇನೆ.