ಪಾರ್ಕಿಗೆ ಹೆಸರಾದ ಜನರಲ್



ಕಬ್ಬನ್ ಪಾರ್ಕ್ ಕಾಣದವರು ನಮ್ಮಲ್ಲಿ ವಿರಳ. ಆದರೆ ಮಾರ್ಕ್ ಕಬ್ಬನ್ನರೇ ಅದನ್ನು ಕಂಡಿರಲಿಲ್ಲ! ಅವರು ತೀರಿಕೊಂಡದ್ದು 1861ರಲ್ಲಿ, ಪಾರ್ಕ್ ಆದದ್ದು 1870ರಲ್ಲಿ.

1800ರಲ್ಲಿ ಮದ್ರಾಸ್ ಸೈನ್ಯ ಸೇರಿದ ಅವರು ಲೆಫ್ಟಿನೆಂಟ್ ಜನರಲ್ ಪದವಿಗೇರಿದರು. ಹೆಸರು ಉಳಿದದ್ದು ಮಾತ್ರ ಯುದ್ಧದಿಂದಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿ ಬೆಂಗಳೂರಿನಿಂದ ಆಳಿದರು. ರಸ್ತೆಗಳಾದವು, ನೂರಾರು ಚಿಲ್ಲರೆ ತೆರಿಗೆಗಳು ರದ್ದಾದವು.

ಆದರೆ 1831ರಲ್ಲಿ ಬ್ರಿಟಿಷರು ಅಧಿಕಾರ ಕಿತ್ತುಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ಮರಳಿ ಪಡೆಯದೆಯೇ 1868ರಲ್ಲಿ ಕಣ್ಮುಚ್ಚಿದರು. ದತ್ತುಪುತ್ರ ಚಾಮರಾಜೇಂದ್ರರಿಗೆ ರಾಜ್ಯ ದಕ್ಕಿದ್ದು 1881ರಲ್ಲಿ.

ದಕ್ಷ ಆಡಳಿತ ಬೇರೆ, ನಮ್ಮ ಆಡಳಿತ ಬೇರೆ. 1927ರಲ್ಲೇ ಪಾರ್ಕಿಗೆ ಚಾಮರಾಜೇಂದ್ರರ ಹೆಸರಿಟ್ಟರು. ನಮ್ಮ ನಾಲಿಗೆಯಲ್ಲಿ ಉಳಿದದ್ದು ಕಬ್ಬನ್. ಇನ್ನು ಮುಂದೆ ಇಬ್ಬರನ್ನೂ ನೆನೆಯೋಣ.