ಎಂಟನೆಯ ಹೆಸರು

ಕುಮಟಾ ತಾಲೂಕಿನ ಯಾಣದಲ್ಲಿ ಕಾಡಿನ ನಡುವೆ ಎರಡು ಕರಿಬಂಡೆಗಳು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90. ಸುತ್ತಲ ಮಣ್ಣು ಕಪ್ಪಾದದ್ದು ಭಸ್ಮಾಸುರ ಇಲ್ಲೇ ಸುಟ್ಟು ಬೂದಿಯಾದ ಕಾರಣ ಎನ್ನುತ್ತಾರೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕ ಇದ್ದವ ಗೋಕರ್ಣಕ್ಕೆ ಎಂಬ ಗಾದೆಯನ್ನು ಕೇಳದವರು ಈ ಸೀಮೆಯಲ್ಲಿ ಕಡಿಮೆ.

ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸುಟ್ಟು ಬೂದಿಯಾಗುವ ವರ ಪಡೆದವನು ಈ ಭಸ್ಮಾಸುರ. ಯಕ್ಷಗಾನದ ಭಸ್ಮಾಸುರ-ಮೋಹಿನಿ ಪ್ರಸಂಗದಲ್ಲಿ ನನಗೆ ಹಿಡಿಸುವುದು ಮೋಹಿನಿಯ ಜಾಣ್ಮೆ. ಆಕೆ ಅಸುರನನ್ನು ಹೊಡೆಯುವುದಿಲ್ಲ, ಕುಣಿಸುತ್ತಾಳೆ. ಅವಳ ಕೈ ಸೊಂಟಕ್ಕೆ ಹೋದರೆ ಅವನದೂ ಸೊಂಟಕ್ಕೆ. ಕುಣಿತದ ಖುಷಿಯಲ್ಲೇ ಅವನು ತನ್ನ ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ.

ಹೀಬ್ರೂ ಪ್ರವಾದಿ ಆಮೋಸ ಹೀಗೆಯೇ ಒಂದು ನಾಡನ್ನು ಕುಣಿಸಿದ. ಕ್ರಿಸ್ತಪೂರ್ವ 8ನೇ ಶತಮಾನದವನು. ಯೆಹೂದದ ತೆಕೋವದಲ್ಲಿ ಕುರಿ ಕಾಯುತ್ತಿದ್ದವನು, ಕಾಡು ಅತ್ತಿಮರ ನೋಡಿಕೊಳ್ಳುತ್ತಿದ್ದವನು. ಉತ್ತರದ ಇಸ್ರಾಯೇಲಿಗೆ ಹೋಗಿ ನೆರೆನಾಡುಗಳ ಮೇಲೆ ದೇವರ ತೀರ್ಪು ಸಾರತೊಡಗಿದ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್. ಊರಿಗೆ ಊರನ್ನೇ ಸೆರೆಹಿಡಿದು ಮಾರಿದವರು, ಗಡಿ ಹಿಗ್ಗಿಸಲು ಬಸುರಿಯರನ್ನು ಸೀಳಿದವರು. ಶತ್ರುಗಳ ಪಾಪದ ಪಟ್ಟಿ ಯಾರಿಗೆ ಬೇಡ? ಕೇಳುಗರು ತಲೆದೂಗಿರಬೇಕು.

ಆರನೆಯದು ಮೋವಾಬ್. ಅದರ ಅಪರಾಧ ಎದೋಮಿನ ಅರಸನ ಎಲುಬುಗಳನ್ನು ಸುಟ್ಟದ್ದು. ಇದರಿಂದ ಇಸ್ರಾಯೇಲಿಗೆ ಆದ ನಷ್ಟ ಏನೂ ಇಲ್ಲ. ಎದೋಮೂ ಅದೇ ಪಟ್ಟಿಯಲ್ಲಿದ್ದ ನಾಡು. ಅಂದರೆ ಈ ದೇವರು ನಮ್ಮವರಿಗಾದ ಅನ್ಯಾಯವನ್ನಷ್ಟೇ ಲೆಕ್ಕ ಇಡುವವನಲ್ಲ. ಅಲ್ಲೇ ಎಚ್ಚರಾಗಬೇಕಿತ್ತು. ಏಳನೆಯದು ಆಮೋಸನ ಸ್ವಂತ ನಾಡು ಯೆಹೂದ. ಎಂಟನೆಯ ಹೆಸರು ಇಸ್ರಾಯೇಲ್.

ನೆರೆಯವರ ಪಾಪಗಳು ಹೆಚ್ಚಾಗಿ ಕತ್ತಿಯವು, ಬೆಂಕಿಯವು. ಇವರದೋ ಪೇಟೆಯದು, ಪಡಸಾಲೆಯದು: ಒಂದು ಜೊತೆ ಚಪ್ಪಲಿಗೆ ಬಡವನನ್ನು ಮಾರಿದ್ದು, ಅಡವಿಟ್ಟುಕೊಂಡ ಬಟ್ಟೆಯನ್ನು ಹಾಸಿ ದೇವರ ಬಲಿಪೀಠದ ಪಕ್ಕದಲ್ಲೇ ಒರಗಿಕೊಂಡದ್ದು. ಯುದ್ಧವಿಲ್ಲದೆ, ಪೂಜೆ ತಪ್ಪಿಸದೆ ನಡೆದ ಕ್ರೌರ್ಯ. ಆಮೋಸ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ. ಇದು ಇಂದಿಗೂ ಯಾವ ದೇಶಕ್ಕೂ ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ.

ಬೇತೇಲಿನ ಯಾಜಕ ಅಮಚ್ಯ ಅವನನ್ನು ಗದರಿಸಿದ: ಇದು ರಾಜನ ದೇವಾಲಯ, ನಿನ್ನ ನಾಡಿಗೆ ಹೋಗಿ ಹೊಟ್ಟೆ ಹೊರೆದುಕೋ ಎಂದ. ಆಮೋಸ ತಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ, ಕುರಿ ಕಾಯುವವನು ಎಂದ. ಕೆಲವೇ ದಶಕಗಳಲ್ಲಿ, ಕ್ರಿಸ್ತಪೂರ್ವ 722ರ ಹೊತ್ತಿಗೆ, ಇಸ್ರಾಯೇಲಿನ ರಾಜಧಾನಿ ಸಮಾರ್ಯ ಅಶ್ಶೂರರ ಕೈ ಸೇರಿತು.